ನೀಲವ್ವತ್ತಿ ಎಣ್ಣೆ ಬಿಟ್ಟ ಕಿವಿಗಳು

ನೀಲವ್ವತ್ತಿಯ ತೊಡೆಯ ಮೇಲೆ ತಲೆಯಿಟ್ಟು, ಒಂದು ಮಗ್ಗುಲಾಗಿ, ಕತ್ತರಿಸಲು ತಂದ ಟಗರಿನಂತೆ ಕಣ್ಣು ಪಿಳಿಪಿಳಿ ಬಿಡುತ್ತ ಮಲಗದ ಗಂಡಸು ನಮ್ಮ ಮನೆತನದಲ್ಲಿ ಇಲ್ಲ. ಜಲನಗರದ ನಮ್ಮ ಮನೆಯ ಹಿತ್ತಲ ಕಟ್ಟೆಯ ಮೇಲೆ ಪ್ರತಿ ರವಿವಾರ ಮುಂಜಾನೆ ಅವಳ ದವಾಖಾನೆ ತೆರೆಯುತ್ತಿತ್ತು. ಮೊದಲ ಪಾಳಿ ಅಪ್ಪನದು. ಆಮೇಲೆ ಅವ್ವ, ಆಮೇಲೆ ಮನೆಗೆ ಬಂದ ಬೀಗರು, ಕಡೆಗೆ ನಾನು. ನನ್ನನ್ನು ಕಡೆಗೆ ಇಟ್ಟುಕೊಳ್ಳಲು ಅವಳಿಗೆ ಕಾರಣವಿತ್ತು. ನಾನು ಅಲುಗಾಡಿ ಅವಳ ಸೀರೆಯನ್ನೆಲ್ಲ ಒಗ್ಗರಣೆ ಮಾಡುತ್ತಿದ್ದೆ.

ಕಬ್ಬಿಣದ ಸಣ್ಣ ಸೌಟಿನಲ್ಲಿ ಕುಸುಬಿ ಎಣ್ಣೆ, ಅದರಲ್ಲಿ ಜಜ್ಜಿದ ಬಳ್ಳೊಳ್ಳಿ. ಬಳ್ಳೊಳ್ಳಿ ಕೆಂಪಾದ ಕೂಡಲೇ ಸೌಟು ಇಳಿಸಿ, ಆರಲು ಬಿಟ್ಟು, ಮುಂಗೈ ಮೇಲೆ ಒಂದು ಹನಿ ಹಾಕಿಕೊಂಡು ನೋಡುತ್ತಿದ್ದಳು. ಆಮೇಲೆ ಅರಳೆಯ ಬತ್ತಿಯನ್ನು ಅದರಲ್ಲಿ ಅದ್ದಿ, ಕಿವಿಯೊಳಗೆ ಹನಿಹನಿಯಾಗಿ ಇಳಿಸಿ, ಮೇಲೆ ಅರಳೆ ತುರುಕುತ್ತಿದ್ದಳು. ಕಿವಿಯೊಳಗಿನ ಕೊಳೆ, ಆ ಗುಗ್ಗೆ, ನೆನೆಯುವ ತನಕ ಏಳುವ ಹಾಗಿಲ್ಲ. ಅಷ್ಟು ಹೊತ್ತು ನಮ್ಮ ತಲೆಯ ಮೇಲುಗಡೆಯೇ ಕೈಯಾಡಿಸುತ್ತ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಒಂದು ಹಿಡಿ ಬತ್ತಿಯಾದರೆ ನಮಗೆ ಬಿಡುಗಡೆ. ಒಂದು ಕಿವಿ ಅವಳ ತೊಡೆಗೆ ಒತ್ತಿಕೊಂಡು ಮುಚ್ಚಿರುತ್ತಿತ್ತು, ಇನ್ನೊಂದು ಎಣ್ಣೆ ಕುಡಿದು ಮುಚ್ಚಿರುತ್ತಿತ್ತು. ಲೋಕದ ಸದ್ದೆಲ್ಲ ದೂರದಲ್ಲೆಲ್ಲೋ ಬಾವಿಯೊಳಗೆ ಬಿದ್ದ ಹಾಗೆ ಅನಿಸುತ್ತಿತ್ತು.

"ಅಲುಗಾಡಬ್ಯಾಡ ಲೇ ಮಲ್ಲ್ಯಾ, ಎಣ್ಣಿ ಮಿದುಳಿಗೆ ಹೋಗ್ತೈತಿ," ಅನ್ನುತ್ತಿದ್ದಳು. ಒಂದು ಕ್ಷಣ ಬಿಟ್ಟು, "ಹೋದ್ರೂ ಚಿಂತಿಲ್ಲ ಬಿಡು, ನಿಂದು ಜಾಗಾ ಖಾಲಿನ ಐತಿ."

ನೀಲವ್ವತ್ತಿ ಅಪ್ಪನ ಅಕ್ಕ. ತಾಯಿ ಬೇಗ ಹೋದದ್ದರಿಂದ ತಿಕೋಟಾದಲ್ಲಿ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಬಬಲೇಶ್ವರಕ್ಕೆ ಮದುವೆಯಾಗಿ ಹೋಗಿ, ಕೆಲವೇ ವರ್ಷಕ್ಕೆ ತಿರುಗಿ ಬಂದಳು. ಯಾಕೆ ಬಂದಳು ಎಂದು ನಾವು ಹುಡುಗರು ಕೇಳಿದರೆ, "ಅಲ್ಲಿ ಕೂಡಿ ಬರಲಿಲ್ಲ" ಎಂದು ಅವ್ವ ಪಾತ್ರೆ ತಿಕ್ಕುವುದನ್ನು ಜೋರು ಮಾಡುತ್ತಿದ್ದಳು. ಅಪ್ಪನಿಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕು ಜಲನಗರಕ್ಕೆ ಬಂದಾಗ ಟ್ರಂಕಿನೊಂದಿಗೆ ಅವಳೂ ಬಂದಳು. ನಮ್ಮ ಓಣಿಯಲ್ಲಿ ಅಪ್ಪನನ್ನು ಒಳ್ಳೆಯ ಮನುಷ್ಯ ಎನ್ನುತ್ತಾರೆ. ಮಾತು ಕಡಿಮೆ, ಚಟ ಇಲ್ಲ, ಅಕ್ಕನನ್ನು ಇಟ್ಟುಕೊಂಡು ಸಾಕಿದ್ದಾನೆ. ಸಾಕಿದವರು ಯಾರು ಎಂದು ಓಣಿಯವರು ನಮ್ಮ ಅಡಿಗೆಮನೆಗೆ ಬಂದು ನೋಡಿಲ್ಲ.

ಊರಮಂದಿಯ ಕಿವಿ ತೊಳೆಯುವ ನೀಲವ್ವತ್ತಿಯ ಎಡಗಿವಿ ಮಾತ್ರ ಯಾವಾಗಲೂ ಸೆರಗಿನೊಳಗೆ. ಆಟೋದಲ್ಲಿ ಕೂತರೆ ಎಡಗಡೆಯ ತುದಿ ಹಿಡಿಯುತ್ತಿದ್ದಳು, ಮಾತಾಡುವವರು ಬಲಕ್ಕೆ ಬರಲಿ ಎಂದು. ತಲೆಗೆ ನೀರು ಹಾಕಿಕೊಂಡ ಮರುದಿನ ಅವಳ ತಲೆದಿಂಬಿನ ಮೇಲೊಂದು ಹಳೆಯ ಬಟ್ಟೆಯ ತುಂಡು ಇರುತ್ತಿತ್ತು. ಅದನ್ನು ಯಾರ ಕೈಗೂ ಕೊಡದೆ ತಾನೇ ಒಗೆದು, ತುಳಸಿಕಟ್ಟೆಯ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಒಣಹಾಕುತ್ತಿದ್ದಳು. ಏನಾಗಿದೆ ಎಂದರೆ ಒಂದೇ ಉತ್ತರ: "ಗುಗ್ಗಿ. ಮತ್ತೇನಿಲ್ಲ." ಅಪ್ಪನೂ ಅದನ್ನೇ ಹೇಳುತ್ತಿದ್ದ. ಅವ್ವ ಅಪ್ಪ ಹೇಳಿದ್ದನ್ನು ಹೇಳುತ್ತಿದ್ದಳು. ಆದರೆ ಇಡೀ ಮನೆಯ ಗುಗ್ಗೆ ಕರಗಿಸುವ ಆ ಎಣ್ಣೆಯ ಒಂದು ಹನಿಯನ್ನೂ ಅವಳು ತನ್ನ ಎಡಗಿವಿಗೆ ಬಿಟ್ಟುಕೊಂಡದ್ದನ್ನು ನಾನು ಎಂದೂ ನೋಡಿಲ್ಲ.

ನನ್ನ ಕಿವಿಗಳ ಕಥೆ ಬೇರೆ. ಅವು ದೇವರು ಕೊಟ್ಟವಲ್ಲ, ನೀಲವ್ವತ್ತಿ ಮೂರ್ನಾಲ್ಕು ಸಲ ರಿಪೇರಿ ಮಾಡಿ ಕೊಟ್ಟವು. ಪಿಯುಸಿಗೆ ಎರಡನೇ ಸಲ ಕೂತ ವರ್ಷ, ಅಭ್ಯಾಸ ತಲೆಗೆ ಹೋಗದಿರಲು ಕಿವಿಯೇ ಕಾರಣವಿರಬೇಕೆಂದು ಬಡ್ಸ್ ಹಾಕಿ ತಿರುವಿದೆ. ಕಡ್ಡಿ ಹೊರಗೆ ಬಂತು, ಅದರ ತಲೆ ಒಳಗೇ ಉಳಿಯಿತು. ಎರಡು ದಿನ ಎಲ್ಲರೂ ನನ್ನ ಮೇಲೆ ಸಿಟ್ಟಾಗಿ ಮಾತು ಬಿಟ್ಟಿದ್ದಾರೆಂದು ತಿಳಿದು ನಾನೂ ಮಾತು ಬಿಟ್ಟಿದ್ದೆ. ಅವಳೇ ಬಿಸಿಲಿಗೆ ಕೂರಿಸಿ, ಹುಬ್ಬಿನ ಚಿಮ್ಮಟದಿಂದ ಅದನ್ನು ಎಳೆದು ತೆಗೆದು ಓಣಿಗೆಲ್ಲ ತೋರಿಸಿದಳು. ಇನ್ನೊಮ್ಮೆ ಮೆಡಿಕಲ್ ಅಂಗಡಿಯಲ್ಲಿ ಯಾರೋ ಹೇಳಿದ್ದು ಕೇಳಿ ಪೆರಾಕ್ಸೈಡ್ ಬಿಟ್ಟುಕೊಂಡೆ. ಕಿವಿಯಿಂದ ಬುರುಬುರು ನೊರೆ ಬಂತು. ಮಿದುಳು ಉಕ್ಕಿ ಬಂತೆಂದು ಟವೆಲ್ ಸುತ್ತಿಕೊಂಡು ಬೀದಿಗೆ ಓಡಿದೆ.

"ಉಕ್ಕಾಕ ಒಳಗ ಏನರ ಇರಬೇಕಲ್ಲೋ," ಅಂದಳು ನೀಲವ್ವತ್ತಿ, ಬಾಗಿಲಲ್ಲಿ ನಿಂತು.

ಮಕ್ಕಳನ್ನು ಅವಳು ಹೀಗೆ ಬಾಯಿತುಂಬ ಬೈಯುತ್ತಿದ್ದಳು. ದೊಡ್ಡವರಿಗೆ ಎಣ್ಣೆ ಬಿಟ್ಟಾಗ ಮಾತ್ರ, ಅದರಲ್ಲೂ ಅಪ್ಪ ಮಲಗಿದಾಗ, ಅವಳ ದನಿ ಇಳಿಯುತ್ತಿತ್ತು. ಅರಳೆ ತುರುಕಿದ ಮೇಲೆ, ಬತ್ತಿ ಹೊಸೆಯುತ್ತ, ಕೆಳಗೆ ನೋಡುತ್ತ ಏನೋ ಗೊಣಗುತ್ತಿದ್ದಳು. ಅಡಿಗೆಮನೆಯ ಕಿಡಕಿಯಿಂದ ನನಗೆ ಕಾಣುತ್ತಿದ್ದದ್ದು ತುಟಿ ಮಾತ್ರ. ದೇವರ ನಾಮ ಹೇಳುತ್ತಾಳೆ ಎಂದು ಅವ್ವ ಅನ್ನುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ, ನಿದ್ದೆ ಹತ್ತಿದವನ ಹಾಗೆ ಬಿದ್ದಿರುತ್ತಿದ್ದ.

ಪಿಯುಸಿ ನನ್ನನ್ನು ಬಿಟ್ಟಿತೋ ನಾನು ಪಿಯುಸಿಯನ್ನು ಬಿಟ್ಟೆನೋ, ಈಗ ಸೊಲ್ಲಾಪುರ ರಸ್ತೆಯ ಒಂದು ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತೇನೆ, ಪರದೆಗೆ ಗಾಜು ಅಂಟಿಸುತ್ತೇನೆ. ಗುಳ್ಳೆ ಬಾರದ ಹಾಗೆ ಅಂಟಿಸಿದ್ದು ಇನ್ನೂ ಒಂದೂ ಇಲ್ಲ. ಹೋದ ವರ್ಷ ಅಂಗಡಿಗೆ ಒಂದು ಹೊಸ ಸಾಮಾನು ಬಂತು. ಪೆನ್ನಿನಷ್ಟು ಉದ್ದ, ತುದಿಯಲ್ಲಿ ಸಾಸಿವೆಯಷ್ಟು ಕ್ಯಾಮೆರಾ. ಕಿವಿಯೊಳಗೆ ಹಿಡಿದರೆ ಮೊಬೈಲಿನಲ್ಲಿ ಚಿತ್ರ. ಮನೆಗೆ ತಂದು ಮೊದಲು ನನ್ನದನ್ನೇ ನೋಡಿಕೊಂಡೆ. ಯಾರೋ ಬೆಲ್ಲದ ಆಲೆಮನೆ ಇಟ್ಟಿದ್ದರು ಒಳಗೆ. ನೀಲವ್ವತ್ತಿ ಕನ್ನಡಕ ಏರಿಸಿ ನೋಡಿ, "ನಾ ಇಷ್ಟೆಲ್ಲಾ ತಗದ ಮ್ಯಾಲೂ ಉಳದದ್ದೇನ ಇದು?" ಎಂದು ಮನಸಿಗೆ ಹಚ್ಚಿಕೊಂಡಳು. ಅವಳ ಕಿವಿ ನೋಡುತ್ತೇನೆ ಎಂದರೆ ಸೆರಗು ಬಿಗಿ ಮಾಡಿದಳು.

ಆ ಸೆರಗು ಸಡಿಲಾದದ್ದು ನೋವಿಗೆ. ಮಳೆಗಾಲದ ಕಡೆಯಲ್ಲಿ ಅವಳಿಗೆ ಜ್ವರ ಬಂತು, ಎಡಗಿವಿಯ ಹಿಂದೆ ಊತ ಬಂತು. ರೊಟ್ಟಿ ಬಡಿಯುವಾಗ ಆ ಸಪ್ಪಳಕ್ಕೇ ಹಲ್ಲು ಕಚ್ಚುತ್ತಿದ್ದಳು. ಡಾಕ್ಟರಿಗೆ ತೋರಿಸೋಣ ಎಂದು ನಾನು ಅಪ್ಪನಿಗೆ ಹೇಳಿದೆ. ಅಪ್ಪ ಪೇಪರಿನಿಂದ ಕಣ್ಣು ಎತ್ತಲಿಲ್ಲ. ಗುಗ್ಗಿ ಬಿಗದಿರ್ತೈತಿ, ಬಿಸಿ ಎಣ್ಣಿ ಬಿಟ್ಕೊಳ್ಳಲಿ ಅಂದ. ಅವಳು ಎಣ್ಣೆ ಬೇಡ ಅಂದಳು. ಸರಿ, ಎಣ್ಣೆ ಬೇಡವಾದರೆ ಡ್ರಾಪ್ಸ್ ಇದೆ ಎಂದು ಮನೆಯಲ್ಲಿನ ದೊಡ್ಡ ವೈದ್ಯ, ಅಂದರೆ ನಾನು, ಗುಗ್ಗೆ ಕರಗಿಸುವ ಸೀಸೆ ತಂದೆ. ನೋವಿಗೆ ಸೋತು ಅವಳು ಒಪ್ಪಿದಳು. ಜೀವನದಲ್ಲಿ ಮೊದಲ ಸಲ ಅವಳ ತಲೆ ನನ್ನ ತೊಡೆಯ ಮೇಲೆ ಇತ್ತು. ಹಗುರ ತಲೆ.

ಹನಿ ಬಿಟ್ಟೆ. ಅವಳು ಬಾಯಿ ಚಪ್ಪರಿಸಿದಳು.

"ಗಂಟಲಾಗ ಕಹಿ ಬಂತಲ್ಲೋ," ಅಂದಳು.

ಕಿವಿಗೆ ಹಾಕಿದ್ದು ಗಂಟಲಿಗೆ ಬರುವುದೆಂದರೇನು? ಅಷ್ಟರಲ್ಲಿ ಮನೆಯೆಲ್ಲ ಗಿರ್‍ರನೆ ತಿರುಗುತ್ತಿದೆ ಎಂದು ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದಳು. ಕ್ಯಾಮೆರಾ ತಂದು ಹಿಡಿದು ನೋಡಿದೆ. ನನ್ನ ಕಿವಿಯಲ್ಲಿ ಕಂಡ ಬೆಲ್ಲ ಅಲ್ಲಿ ಇರಲಿಲ್ಲ. ಕೀವು ಇತ್ತು. ಅದರ ಆಚೆ, ಕಿವಿತಮಟೆಯ ಚರ್ಮ ಇರಬೇಕಾದಲ್ಲಿ, ಹರಿದ ಅಂಚಿನ ಒಂದು ಕರಿ ತೂತು.

ನನ್ನ ಅಂಗಡಿಯಿಂದ ಸ್ವಲ್ಪ ಮುಂದೆ ಕಿವಿ ಡಾಕ್ಟರ್ ಇದ್ದಾರೆ. ನನಗಿಂತ ಒಂದೆರಡು ವರ್ಷ ದೊಡ್ಡವರು ಅಷ್ಟೇ. ಅವರ ಹೆಸರಿನ ಮುಂದೆ ಪದವಿಗಳ ಸಾಲು, ನನ್ನ ಹೆಸರಿನ ಮುಂದೆ ನಪಾಸಾದ ವಿಷಯಗಳ ಸಾಲು. ಡ್ರಾಪ್ಸ್ ಹಾಕಿದವರು ಯಾರು ಎಂದು ಕೇಳಿದಾಗ ನಾನು ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಡಾಕ್ಟರ್ ಕೀವು ಒರೆಸಿ, ಬಹಳ ಹೊತ್ತು ನೋಡಿ, ನೀಲವ್ವತ್ತಿಯ ಬಲಕ್ಕೆ ಬಂದು ಕೂತರು.

"ಯಾರರ ಹೊಡದಿದ್ರೇನವ್ವ? ಕಪಾಳಕ್ಕ?"

"ಇಲ್ರಿ. ಗುಗ್ಗಿರಿ ಅದು."

"ಗುಗ್ಗಿ ಇಲ್ಲವ್ವ ಇದರಾಗ. ತೂತು ಐತಿ, ಹಳೇದು. ಪರದಿ ಹರದೈತಿ."

ನೀಲವ್ವತ್ತಿ ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ಕೂತಳು. ಆಪರೇಷನ್ ಮಾಡಿ ಮುಚ್ಚಬಹುದು ಎಂದರು ಡಾಕ್ಟರ್. ಮುಚ್ಚಿದರೆ ಕೇಳಿಸುತ್ತದೆಯೇ ಎಂದು ಇವಳು. ಇಷ್ಟು ವರ್ಷ ಬಿಟ್ಟಿದ್ದಕ್ಕೆ ಖಾತ್ರಿ ಕೊಡಲಾರೆ ಎಂದು ಅವರು. ಹಾಗಾದರೆ ಇರಲಿ ಬಿಡ್ರಿ ಎಂದು ಇವಳು. ಗುಳಿಗೆ ಬರೆದುಕೊಟ್ಟು, ಆ ಕಿವಿಗೆ ಎಣ್ಣೆ, ನೀರು, ಮತ್ತು ನನ್ನನ್ನು ಸೋಕಿಸಬಾರದೆಂದು ಹೇಳಿ ಕಳಿಸಿದರು.

ತಿರುಗಿ ಬರುವಾಗ ಅವಳು ಸ್ಕೂಟರ್ ಹಿಂದೆ ಕೂತಿದ್ದಳು. ನನ್ನ ತಲೆಗೆ ಹೆಲ್ಮೆಟ್ ಇತ್ತು. ಸುತ್ತ ಸೊಲ್ಲಾಪುರದ ಲಾರಿಗಳು. ಸ್ವಲ್ಪ ದೂರ ಬಂದ ಮೇಲೆ ಅವಳು ಮುಂದಕ್ಕೆ ಬಾಗಿ, ಹೆಲ್ಮೆಟ್ಟಿಗೆ ಬಾಯಿ ಹಚ್ಚಿದ ಹಾಗೆ, ಅದೇ ರವಿವಾರದ ಇಳಿದ ದನಿಯಲ್ಲಿ ಶುರು ಮಾಡಿದಳು.

"ತಿಕೋಟಾ ಸ್ಟ್ಯಾಂಡಿನಾಗ, ಮಲ್ಲ್ಯಾ. ಬಬಲೇಶ್ವರದ ಬಸ್ ಬಂದು ನಿಂತಿತ್ತು. ಹತ್ತು ಅಂದ ನಿಮ್ಮಪ್ಪ. ನಾ ಆ ಮನಿಗೆ ತಿರುಗಿ ಹೋಗಂಗಿಲ್ಲ ಅಂದೆ. ಮಂದಿ ನೋಡಾಕತ್ತಿದ್ರು. ಮಂದಿ ನೋಡಾಕತ್ತಾರಂತ ಹೊಡದ. ಬಸ್ ಹೋತು, ಕಿವ್ಯಾಗಿನ ಗುಂಯ್ ಅನ್ನೂದು ಹೋಗಲಿಲ್ಲ."

ನಾನು ಗಾಡಿ ನಿಧಾನ ಮಾಡಿದೆ. ಅವಳು ನಿಲ್ಲಿಸಲಿಲ್ಲ.

"ನಾ ಎತ್ತಿ ಆಡಿಸಿದ ಕೂಸು. ಹೊಡದದ್ದಕ್ಕ ಸಿಟ್ಟಿಲ್ಲ ನನಗ. ಯಾರೂ ಇಲ್ಲದಾಗರ ಒಂದ್ ಸಲ, ತಪ್ಪಾತಕ್ಕಾ ಅಂದಿದ್ರ ಸಾಕಿತ್ತು. ಪ್ರತಿ ಐತವಾರ ಹೇಳ್ತೀನಿ ಅವಗ, ಎಣ್ಣಿ ಬಿಟ್ಟು. ಕೇಳಸಂಗಿಲ್ಲ. ಕೇಳಿಸಿದ್ರ ತಪ್ಪಾತು ಅಂತಿದ್ದ."

ದೇವರ ನಾಮ ಯಾವುದೆಂದು ನನಗೆ ಆಗ ತಿಳಿಯಿತು. ಇನ್ನೊಂದೂ ತಿಳಿಯಿತು: ಮುಚ್ಚಿದ ಕಿವಿ ಸಿಕ್ಕರೆ ಮಾತ್ರ ಅವಳು ಬಾಯಿ ಬಿಡುತ್ತಾಳೆ. ಹೆಲ್ಮೆಟ್ ಹಾಕಿದ ಕಿವಿಗೆ ಏನೂ ಕೇಳಿಸುವುದಿಲ್ಲ ಎಂದು ಅವಳು ನಂಬಿದ್ದಳು. ಅಷ್ಟರಲ್ಲಿ ರಸ್ತೆಯ ಉಬ್ಬೊಂದನ್ನು ನೋಡದೆ ಹಾರಿಸಿದೆ. ಇಬ್ಬರೂ ಸೀಟಿನಿಂದ ಒಂದು ಗೇಣು ಮೇಲೆದ್ದು ಕೂತೆವು. ಅವಳ ದನಿ ಒಮ್ಮೆಲೇ ಏರಿತು. ಗಾಡಿ ಹೊಡೀತಿಯೋ ಎತ್ತು ಹೊಡೀತಿಯೋ ಎಂದು ಮನೆ ಮುಟ್ಟುವ ತನಕ ಬೈದಳು. ಗೇಟಿನ ಮುಂದೆ ಇಳಿದು, ಹೆಲ್ಮೆಟ್ ತೆಗೆಯುತ್ತಿದ್ದ ನನ್ನ ಮುಖ ನೋಡಿ, "ಏನರ ಕೇಳಿಸ್ತೇನ್ ನಿನಗ?" ಎಂದು ಕೇಳಿದಳು.

"ಏನ್ ಬೇ?" ಅಂದೆ ನಾನು. ಎಷ್ಟಾದರೂ ಅಪ್ಪನ ಮಗ.

ಮಧ್ಯಾಹ್ನ ಊಟಕ್ಕೆ ಕೂತಾಗ ಡಾಕ್ಟರ್ ಏನಂದರು ಎಂದು ಅವ್ವ ಕೇಳಿದಳು. ನಾನು ಡಾಕ್ಟರ್ ಹೇಳಿದ್ದನ್ನಷ್ಟೇ ಹೇಳಿದೆ, ಹೆಲ್ಮೆಟ್ ಕೇಳಿದ್ದನ್ನು ಹೇಳಲಿಲ್ಲ. ಗುಗ್ಗೆ ಒಂದು ಕಾಳಿನಷ್ಟೂ ಇಲ್ಲ, ಪರದಿ ಹರಿದಿದೆ, ಹಳೆಯ ಪೆಟ್ಟು, ಯಾರೋ ಕಪಾಳಕ್ಕೆ ಹೊಡೆದಿರಬಹುದಂತೆ ಎಂದು ಅಪ್ಪನ ಮುಖ ನೋಡುತ್ತ ಹೇಳಿದೆ. ನೀಲವ್ವತ್ತಿ ರೊಟ್ಟಿಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು, ಬಲಗಿವಿ ನಮ್ಮ ಕಡೆ ಮಾಡಿ.

ಅಪ್ಪ ಬದನೆಕಾಯಿಯನ್ನು ರೊಟ್ಟಿಯ ತುಂಡಿನಿಂದ ಒತ್ತಿ ಒತ್ತಿ ನುರಿದ.

"ಬಬಲೇಶ್ವರದವರು ಹೊಡದಿರಬೇಕು," ಅಂದ. "ಅವರ ಮನ್ಯಾಗ ಏನೇನ್ ಆಗಿತ್ತೋ, ಯಾರಿಗೆ ಗೊತ್ತು."

ರೊಟ್ಟಿ ಎತ್ತಿದ್ದ ನೀಲವ್ವತ್ತಿಯ ಕೈ ಬುಟ್ಟಿಯ ಮೇಲೇ ನಿಂತಿತು. ಆಮೇಲೆ ಇಳಿದು ಬಂತು.

"ಇನ್ನೊಂದ್ ಹಾಕ್ಲೇನ ತಮ್ಮಾ?" ಅಂದಳು.

ಹಾಕಿಸಿಕೊಂಡ.

ಮುಂದಿನ ರವಿವಾರ ದವಾಖಾನೆ ಎಂದಿನಂತೆ ತೆರೆಯಿತು. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟ. ಕುಸುಬಿ ಎಣ್ಣೆ ಕಾಯಿತು, ಆರಿತು, ಮುಂಗೈ ಮೇಲೆ ಹನಿ ಬಿತ್ತು, ಬತ್ತಿಯಿಂದ ಕಿವಿಗಿಳಿಯಿತು, ಮೇಲೆ ಅರಳೆ ಕೂತಿತು. ನಾನು ಅಡಿಗೆಮನೆಯ ಕಿಡಕಿಯಲ್ಲಿ ಚಹಾ ಕುಡಿಯುವ ನೆಪದಲ್ಲಿ ನಿಂತಿದ್ದೆ. ಆ ದಿನ ನಲ್ಲಿಯ ನೀರಿರಲಿಲ್ಲ, ಹಿತ್ತಲೆಲ್ಲ ಸುಮ್ಮನಿತ್ತು. ಅವಳು ಬತ್ತಿ ಹೊಸೆಯಲು ಶುರು ಮಾಡಿದಳು. ತುಟಿ ಅಲುಗಲಿಲ್ಲ.

ಬತ್ತಿಗಳು ತಟ್ಟೆಯಲ್ಲಿ ಸೇರುತ್ತ ಹೋದವು. ಅಪ್ಪ ಎಂದಿನಂತೆ ಕಣ್ಣು ಮುಚ್ಚಿದ್ದ. ಸ್ವಲ್ಪ ಹೊತ್ತಿಗೆ ತೆರೆದ. ಕಟ್ಟೆಯ ಅಂಚನ್ನು ನೋಡಿದ. ಮತ್ತೆ ಮುಚ್ಚಿದ, ಮತ್ತೆ ತೆರೆದ. ಕಾಲ ಬೆರಳುಗಳು ಒಂದಕ್ಕೊಂದು ತಿಕ್ಕಾಡಿದವು. ಎಣ್ಣೆ ಬಿಟ್ಟ ಮೇಲೆ ಅಲುಗಾಡಬಾರದೆಂದು ಊರಿಗೆಲ್ಲ ಗೊತ್ತು, ಆದರೂ ಅವನು ತಲೆ ಎತ್ತಿದ. ಅರಳೆ ದಾಟಿ ಎಣ್ಣೆ ಕೆನ್ನೆಗುಂಟ ಇಳಿಯಿತು.

"ಯಾಕಕ್ಕಾ?" ಅಂದ. "ಇವತ್ತ ಏನೂ ಅನ್ನಲಿಲ್ಲ?"

ಹೊಸೆಯುತ್ತಿದ್ದ ಬತ್ತಿ ಅವಳ ಅಂಗೈಯಲ್ಲಿ ಅರ್ಧಕ್ಕೆ ನಿಂತಿತು.

"ಕೇಳಸ್ತಿತ್ತೇನ್ ತಮ್ಮಾ ನಿನಗ?"

ಅಪ್ಪ ಟವೆಲ್ಲಿನಿಂದ ಕೆನ್ನೆ ಒರೆಸಿಕೊಂಡ. ಕೊರಳು ಒರೆಸಿಕೊಂಡ. ಒರೆಸುವುದಕ್ಕೆ ಇನ್ನೇನೂ ಉಳಿಯಲಿಲ್ಲ.

"ಒಂದೀಟು," ಅಂದ.

ನೀಲವ್ವತ್ತಿ ಅವನ ತಲೆಯನ್ನು ಎರಡೂ ಕೈಯಿಂದ ಎತ್ತಿ, ನಿದ್ದೆ ಹೋದ ಕೂಸಿನ ತಲೆಯನ್ನು ಇಳಿಸುವ ಹಾಗೆ, ಕಟ್ಟೆಯ ಕಲ್ಲಿನ ಮೇಲೆ ಇಟ್ಟಳು. ಎದ್ದು ನಿಂತು ಸೀರೆ ಕೊಡವಿಕೊಂಡಳು.

"ನಾನ ಸ್ವಚ್ಛ ಇಟ್ಟಿದ್ನಲ್ಲೋ," ಅಂದಳು. "ಕೇಳಸದ ಏನ್ ಮಾಡ್ತೈತಿ."

ಸೌಟಿನಲ್ಲಿ ಉಳಿದ ಎಣ್ಣೆಯನ್ನು ದಾಸವಾಳದ ಬುಡಕ್ಕೆ ಸುರಿದು ಒಳಗೆ ಹೋದಳು. ಅವ್ವನ ಪಾಳಿ ಬರಲಿಲ್ಲ, ನನ್ನದೂ ಬರಲಿಲ್ಲ.

ಅದೇ ವಾರ ಇಟ್ಟಂಗಿಹಾಳಕ್ಕೆ ಹೊರಟಳು. ಅವಳ ಚಿಕ್ಕಮ್ಮನ ಮಗಳೊಬ್ಬಳು ಅಲ್ಲಿ ಕುರಿ ಸಾಕಿಕೊಂಡಿದ್ದಾಳೆ. ಜಗಳವಿಲ್ಲ, ಅಳುವಿಲ್ಲ. ಅವ್ವ ಸೆರಗು ಹಿಡಿದು ಬೇಡಿಕೊಂಡಳು. ನಾನು ಎರಡು ಜೋಕು ಹೇಳಿ ನೋಡಿದೆ, ಎರಡೂ ಗಾಜಿನ ಕೆಳಗಿನ ಗುಳ್ಳೆಯಂತೆ ಅಲ್ಲೇ ನಿಂತವು. ಅಪ್ಪ ಟ್ರಂಕನ್ನು ಹೆಗಲಿಗೇರಿಸಿಕೊಂಡು ಹೋಗಿ ಆಟೋದಲ್ಲಿ ಇಟ್ಟ, ಅದು ಅಲುಗಾಡದ ಹಾಗೆ ಕೆಳಗೊಂದು ಇಟ್ಟಿಗೆ ಚೂರು ಕೊಟ್ಟ. ಅವಳು ಎಡತುದಿಗೆ ಕೂತಳು. ಬಲಕ್ಕೆ ಜಾಗ ಇತ್ತು. ಅಪ್ಪ ಎಡಕ್ಕೇ ನಿಂತಿದ್ದ.

ನಾನು ಒಮ್ಮೆ ಹೋಗಿದ್ದೆ. ಹೋಗಲು ಕಾರಣ ಬೇಕಿರಲಿಲ್ಲ, ಆದರೂ ಕಾರಣ ಮಾಡಿಕೊಂಡೇ ಹೋದೆ. ಯಾರದೋ ಬಾವಿಯಲ್ಲಿ ಈಜು ಬರುತ್ತದೆಂದು ಜಿಗಿದು ಬಲಗಿವಿಗೆ ನೀರು ತುಂಬಿಸಿಕೊಂಡಿದ್ದೆ. ಬೇವಿನ ಗಿಡದ ಕೆಳಗೆ ಕೂತಿದ್ದ ಅವಳು ನನ್ನನ್ನು ನೋಡಿದ ಕೂಡಲೇ ತೊಡೆ ತಟ್ಟಿದಳು. ಕುರಿಗಳ ವಾಸನೆ, ಬಳ್ಳೊಳ್ಳಿಯ ವಾಸನೆ. ಎಣ್ಣೆ ಇಳಿಯಿತು, ಅರಳೆ ಕೂತಿತು, ಮತ್ತು ತಲೆಯ ಮೇಲಿಂದ ಇಳಿದ ದನಿ ಬಂತು.

"ನಿಮ್ಮಪ್ಪನ ಕಿವಿಗೆ ಈಗ ಯಾರ್ ಬಿಡ್ತಾರೋ ಎಣ್ಣಿ."

ಈ ಸಲ ನಾನು ಏನ್ ಬೇ ಅನ್ನಲಿಲ್ಲ.

"ಯಾರೂ ಇಲ್ಲ ಬೇ," ಅಂದೆ. "ಮತ್ತ ನನಗ ಹೆಲ್ಮೆಟ್‌ನ್ಯಾಗೂ ಎಲ್ಲಾ ಕೇಳಿಸಿತ್ತು."

ಅವಳು ನನ್ನ ತಲೆಗೊಂದು ಮೊಟಕಿದಳು. ಅರಳೆಯ ಮೇಲೆ ಅಂಗೈ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದಳು. ಆಮೇಲೆ ಏನೋ ಹೇಳಿದಳು, ಬಹಳ ಹೊತ್ತು. ತೊಡೆಯೊಳಗಿಂದ ಗುಂಯ್ ಎನ್ನುವ ಸದ್ದಷ್ಟೇ ಬಂತು. ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಅಂಗೈ ತೆಗೆದಾಗ ಕುರಿಗಳು ಎದ್ದು ಹೊರಟಿದ್ದವು, ಅವಳೂ ಎದ್ದಳು.

ಆ ಚಳಿಗಾಲದಲ್ಲಿ, ಇಟ್ಟಂಗಿಹಾಳದಲ್ಲೇ, ಮುಂಜಾನೆ ಎಬ್ಬಿಸಲು ಹೋದಾಗ ನೀಲವ್ವತ್ತಿ ಏಳಲಿಲ್ಲ. ಎಡಮಗ್ಗುಲಿಗೆ, ಆ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದ್ದಳಂತೆ. ಮಣ್ಣು ಕೊಡುವಾಗ ಬಾಗಿ ಏನಾದರೂ ಅನ್ನುತ್ತಾನೆಯೇ ಎಂದು ನಾನು ಅಪ್ಪನ ತುಟಿಯನ್ನೇ ನೋಡುತ್ತಿದ್ದೆ. ಅಪ್ಪ ಎಲ್ಲರ ಹಾಗೆ ಮಣ್ಣು ಹಾಕಿ, ಎಲ್ಲರ ಹಾಗೆ ಕೈ ತೊಳೆದುಕೊಂಡ.

ಈಗ ಕೆಲವು ದಿನದಿಂದ ಅಪ್ಪನಿಗೆ ಕಿವಿ ಕೇಳಿಸುವುದಿಲ್ಲವಂತೆ. ಅವ್ವ ಕರೆದರೆ ತಿರುಗುವುದಿಲ್ಲ. ಹೋದ ರವಿವಾರ ಟವೆಲ್ ಹಾಕಿಕೊಂಡು ಹಿತ್ತಲಿಗೆ ಬಂದ. ನಾನು ಕಟ್ಟೆಯ ಮೇಲೆ ಕೂತು ಮೊಬೈಲ್ ನೋಡುತ್ತಿದ್ದೆ. ಪಕ್ಕದಲ್ಲಿ ಕೂತ, ಹಾಗೇ ಒರಗಿ ನನ್ನ ತೊಡೆಯ ಮೇಲೆ ತಲೆಯಿಟ್ಟ.

"ಗುಗ್ಗಿ ತುಂಬೈತಿ," ಅಂದ. "ಏನೂ ಕೇಳಸವಲ್ದು. ನಿನ್ನ ಕ್ಯಾಮೆರಾ ಹಿಡದು ನೋಡು."

ಹಿಡಿದೆ. ತೊಳೆದಿಟ್ಟ ಬಟ್ಟಲಿನ ಹಾಗಿತ್ತು ಒಳಗೆ. ಕೊನೆಯಲ್ಲಿ ತಮಟೆಯ ಚರ್ಮ, ಎಲ್ಲೂ ಗೀರಿಲ್ಲದೆ, ಕ್ಯಾಮೆರಾದ ಬೆಳಕಿಗೆ ಹೊಳೆಯುತ್ತಿತ್ತು. ಇಷ್ಟು ಒಳ್ಳೆಯ ಕಿವಿ ನಾನು ನೋಡೇ ಇಲ್ಲ.

"ಏನೂ ಇಲ್ಲಪ್ಪಾ. ಸ್ವಚ್ಛ ಐತಿ."

ಅಪ್ಪ ಏಳಲಿಲ್ಲ. ಮಗ್ಗುಲು ಬದಲಿಸಿ ಇನ್ನೊಂದು ಕಿವಿ ಮೇಲೆ ಮಾಡಿದ.

"ಈ ಕಡಿ ಇರ್ಬೇಕು," ಅಂದ. "ಸರಿ ನೋಡು."